ಗುಂಡಿ ರೈತನ ಬೆರಳಿಗೆ ಒಗ್ಗಲಿ

2020ರ ಮುಂಗಾರಿನಿಂದ ನಮ್ಮ ರಾಜ್ಯದ ರೈತರು ತಮ್ಮ ಹೊಲದ ಬೆಳೆಯನ್ನು ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತಾವೇ ದಾಖಲಿಸಬಹುದಾಗಿದೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆ ಹಾನಿ ಪರಿಹಾರಗಳಿಗೆ ಈ ದಾಖಲೆ ಆಧಾರವಾಗುತ್ತದೆ. ತೊಗರಿಯ ಬದಲು ಉದ್ದಿನ ಮೇಲೆ ಬೆರಳು ಬಿದ್ದರೆ ನಷ್ಟ ರೈತನದೇ.

ಆದ್ದರಿಂದ ಪರದೆಯ ಮೇಲಿನ ಗುಂಡಿಯ ಅಳತೆ ಸಣ್ಣ ಮಾತಲ್ಲ. ಆಂಡ್ರಾಯ್ಡ್ ಮಾರ್ಗಸೂಚಿಯಂತೆ ಒತ್ತುವ ಜಾಗದ ಉದ್ದಗಲ ಸುಮಾರು 9 ಮಿ.ಮೀ. ಇರಬೇಕು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂಬುದು ವೆಬ್ ಪುಟಗಳ ಅಂತರರಾಷ್ಟ್ರೀಯ ಮಾನದಂಡ. ಕ್ರೋಮ್‌ನ ಡೆವಲಪರ್ ಟೂಲ್ಸ್ ಈ ಅನುಪಾತವನ್ನು ಕ್ಷಣದಲ್ಲಿ ತೋರಿಸುತ್ತದೆ. ಆಕ್ಸೆಸಿಬಿಲಿಟಿ ಸ್ಕ್ಯಾನರ್ ಎಂಬ ಉಚಿತ ಸಾಧನ ಕಿರಿದಾದ ಗುಂಡಿಗಳನ್ನು ಎತ್ತಿ ತೋರಿಸುತ್ತದೆ.

ಆದರೆ ಈ ಸಾಧನಗಳಿಗೆ ಮಧ್ಯಾಹ್ನದ ಬಿಸಿಲು, ಮಣ್ಣು ಮೆತ್ತಿದ ಕೈ, ಕಳೆ ಕಿತ್ತು ಒರಟಾದ ಬೆರಳು ತಿಳಿಯವು. ಹೊಸ ತಳಿಯನ್ನು ರೈತರ ಹೊಲಗಳಲ್ಲಿಯೂ ಪರೀಕ್ಷಿಸಿಯೇ ಶಿಫಾರಸು ಮಾಡುವ ಪದ್ಧತಿ ನಮ್ಮಲ್ಲಿದೆ. ಆ್ಯಪ್‌ನ ಪ್ರತಿ ಹೊಸ ಆವೃತ್ತಿಗೂ ಇದೇ ನಿಯಮ ಇರಬೇಕೆಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ರೈತ ಬಾಂಧವರು ವಿವರ ಸಲ್ಲಿಸುವ ಮೊದಲು ಸರ್ವೆ ನಂಬರು, ಬೆಳೆಯ ಹೆಸರು, ವಿಸ್ತೀರ್ಣಗಳನ್ನು ಮತ್ತೊಮ್ಮೆ ಓದಿ ನೋಡುವುದು ಒಳಿತು.