ಹಿಂಡಿಗೆ ಹೊಸ ಹುಂಜವನ್ನು ಸೇರಿಸುವ ಕ್ರಮ

ಹಿಂಡಿನಲ್ಲಿ ಹುಟ್ಟುವ ಪ್ರತಿಯೊಂದು ಮರಿಯ ಗುಣದಲ್ಲಿ ಅರ್ಧಾಂಶವು ಹುಂಜದ್ದು. ಹೇಂಟೆಯೊಂದು ಕೆಟ್ಟದ್ದಾದರೆ ಅದರ ಮರಿಗಳು ಮಾತ್ರ ಕೆಡುವುವು. ಹುಂಜವು ಕೆಟ್ಟದ್ದಾದರೆ ಹಿಂಡೇ ಕೆಡುವುದು. ಒಂದೇ ಹುಂಜವನ್ನು ವರ್ಷಾನುವರ್ಷ ಇಟ್ಟುಕೊಂಡರೆ ಅದು ತನ್ನ ಸಂತಾನವನ್ನೇ ಕೂಡುವುದರಿಂದ, ಕಾವಿಗಿಟ್ಟ ಮೊಟ್ಟೆಗಳು ಮರಿಯಾಗುವುದು ಕಡಮೆಯಾಗಿ, ಹುಟ್ಟಿದ ಮರಿಗಳೂ ನಿಶ್ಶಕ್ತವಾಗುವುವು. ಆದಕಾರಣ ಒಂದೆರಡು ವರ್ಷಗಳಿಗೊಮ್ಮೆ ಬೇರೆ ವಂಶದ ಹುಂಜವನ್ನು ತರುವುದು ಅವಶ್ಯಕವು. ಇದನ್ನು ನಮ್ಮ ರೈತರು ಅರಿಯದವರಲ್ಲ. ದೋಷವಿರುವುದು ತರುವ ಕ್ರಮದಲ್ಲಿ. ಅದನ್ನು ತಿದ್ದುವ ಭಾರವು ಗ್ರಾಮದ ಯಜಮಾನರಿಗೂ ಭೂಮಾಲೀಕರಿಗೂ ಸೇರಿದ್ದೆಂಬುದು ನನ್ನ ಅಭಿಪ್ರಾಯ.

ಸಾಮಾನ್ಯವಾಗಿ ನಡೆಯುವುದೇನು? ಸಂತೆಯಲ್ಲಿ ಮೈಕಟ್ಟನ್ನೂ ಜುಟ್ಟನ್ನೂ ನೋಡಿ ಹುಂಜವನ್ನು ಕೊಂಡು, ಕಾಲು ಕಟ್ಟಿ ತಂದು, ಅದೇ ಸಂಜೆ ಅಂಗಳದಲ್ಲಿ ಬಿಡುವರು. ಸಂತೆಯಲ್ಲಾದರೋ ಹತ್ತಾರು ಊರುಗಳ ಕೋಳಿಗಳು ಕಲೆತಿರುತ್ತವೆ. ಕೊಕ್ಕರೆ ರೋಗವೆಂದು ಜನರು ಹೇಳುವ ರಾಣಿಖೇತ್ ರೋಗವು ಅಂಟಿದ ಮೇಲೆ ಲಕ್ಷಣಗಳು ತೋರುವುದಕ್ಕೆ 2ರಿಂದ 15 ದಿನಗಳು ಹಿಡಿಯಬಹುದು. ಲಸಿಕೆಯಾದ ಕೋಳಿಯೂ ತಾನು ನರಳದೆ ರೋಗವನ್ನು ಹರಡಬಲ್ಲದು. ಆದ್ದರಿಂದ ಕೊಳ್ಳುವ ದಿನ ಹುಂಜವು ಚೆನ್ನಾಗಿ ಕೂಗಿತೆಂಬುದು ಆರೋಗ್ಯಕ್ಕೆ ಸಾಕ್ಷಿಯಲ್ಲ.

ಕೋಳಿಗಳಿಗೆ ಬೇಲಿಯ ಲಕ್ಷ್ಯವಿಲ್ಲ. ದೊಡ್ಡ ಮನೆಯ ಹುಂಜವು ಮಧ್ಯಾಹ್ನದೊಳಗೆ ಇಡೀ ಕೇರಿಯನ್ನು ಸುತ್ತಿ ಬರುವುದು. ಭೂಮಾಲೀಕನಿಗೆ ಹತ್ತು ಕೋಳಿ ಸತ್ತರೆ ಅದೊಂದು ಅಲ್ಪ ನಷ್ಟ. ಜಮೀನಿಲ್ಲದ ಬಡ ಹೆಂಗಸಿಗೆ ಐದು ಹೇಂಟೆಗಳು ಸತ್ತರೆ ಉಪ್ಪು ಎಣ್ಣೆಗಳ ಹಣವೇ ನಿಂತುಹೋಗುವುದು. ಹೀಗಿರುವಲ್ಲಿ ಹುಂಜವನ್ನು ತರುವುದು ಒಂದು ಮನೆಯ ಸ್ವಂತ ವಿಷಯವೆಂದು ಹೇಳಲಾಗದು.

ಹೊಸ ಹುಂಜವನ್ನು 30 ದಿನಗಳ ಕಾಲ ಹಿಂಡಿಗೆ ಬಿಡಕೂಡದು. ಮೊದಲ ಮೂರು ವಾರ ದೂರದ ಕೊಟ್ಟಿಗೆಯಲ್ಲಿಟ್ಟು, ಮನೆಯ ಕೋಳಿಗಳ ಆರೈಕೆ ಮುಗಿದ ಮೇಲೆ ಅದಕ್ಕೆ ಕಾಳು ನೀರು ಕೊಟ್ಟು, ಕೈಕಾಲು ತೊಳೆದುಕೊಳ್ಳಬೇಕು. ರೆಕ್ಕೆಗಳ ಕೆಳಗೆ ಹೇನನ್ನು ಹುಡುಕಬೇಕು. ಪಶುವೈದ್ಯರಿಂದ ರಾಣಿಖೇತ್ ಲಸಿಕೆಯನ್ನೂ ಜಂತಿನ ಔಷಧವನ್ನೂ ಕೊಡಿಸಬೇಕು. ಉಳಿದ ದಿನಗಳಲ್ಲಿ ಹೇಂಟೆಗಳಿಗೆ ಕಾಣುವಂತೆ ಪಂಜರದಲ್ಲಿಟ್ಟರೆ ಪರಸ್ಪರ ಪರಿಚಯವಾಗುವುದು. ಕೋಳಿಗಳಲ್ಲಿ ಮೇಲುಕೀಳಿನ ಸರದಿಯೊಂದುಂಟೆಂದು ನಾರ್ವೆ ದೇಶದ ಶೆಲ್ಡರುಪ್-ಎಬ್ಬೆ ಎಂಬ ವಿದ್ವಾಂಸರು 1922ರಲ್ಲಿ ಪ್ರಕಟಿಸಿದರು. ಹೊಸಬನು ಬಂದಾಗ ಆ ಸರದಿಯು ಕದಡಿ ಕಾದಾಟವಾಗುವುದು. ಕತ್ತಲಾದ ಮೇಲೆ ಹುಂಜವನ್ನು ಗೂಡಿನಲ್ಲಿ ಕೂರಿಸಿ, ಬೆಳಿಗ್ಗೆ ಎರಡು ಮೂರು ಕಡೆ ಕಾಳು ಚೆಲ್ಲಿದರೆ ಕಾದಾಟವು ಕಡಮೆಯಾಗುವುದು. ತೀರ ಎಳೆಯ ಹುಂಜವನ್ನು ಬಲಿತ ಹೇಂಟೆಗಳೇ ಕುಕ್ಕಿ ಓಡಿಸುವುದರಿಂದ, ಪ್ರಾಯಕ್ಕೆ ಬಂದುದನ್ನೇ ಆರಿಸಬೇಕು. 8ರಿಂದ 10 ಹೇಂಟೆಗಳಿಗೆ ಒಂದೇ ಹುಂಜವು ಸಾಕು.

ಹೊಸದು ಬಂದ ದಿನವೇ ಹಳೆಯ ಹುಂಜವನ್ನು ತೆಗೆದುಬಿಡುವುದು ಲೇಸು. ಅದರ ಬೀಜವು ಹೇಂಟೆಯ ಒಡಲಿನಲ್ಲಿ ಎರಡು ಮೂರು ವಾರ ಉಳಿಯುವುದು. ಪ್ರತ್ಯೇಕವಾಸದ ಅವಧಿ ಮುಗಿಯುವಷ್ಟರಲ್ಲಿ ಅದು ತೀರಿರುತ್ತದೆ. ನೆರೆಮನೆಯ ಹುಂಜಗಳು ಸುಳಿಯದಂತೆ ನೋಡಿಕೊಂಡರೆ, ಆಮೇಲಿನ ಮರಿಗಳೆಲ್ಲ ಹೊಸ ವಂಶದವೇ ಆಗುವುವು.

ಒಂದು ಕೋಳಿಗಾಗಿ ಇಷ್ಟು ಕಟ್ಟುಪಾಡೇಕೆಂದು ಕೇಳುವವರುಂಟು. ಇದಕ್ಕೆ ತಗಲುವುದು ಒಂದು ಪಂಜರ, ದಿನಕ್ಕೊಂದು ಹಿಡಿ ಕಾಳು, ಒಂದು ತಿಂಗಳ ತಾಳ್ಮೆ. ತಪ್ಪಿದರೆ ತಗಲುವುದು ಊರಿನ ಗೂಡುಗಳೆಲ್ಲವೂ. ಆದುದರಿಂದ ಯಜಮಾನರು ಗ್ರಾಮಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿ, ಹೊರಗಿನಿಂದ ತಂದ ಯಾವ ಕೋಳಿಯನ್ನೂ ತಿಂಗಳು ತುಂಬುವವರೆಗೆ ಬೀದಿಗೆ ಬಿಡಬಾರದೆಂದು ಗೊತ್ತುಮಾಡಬೇಕು. ಆ ನಿಯಮವನ್ನು ಮೊಟ್ಟಮೊದಲು ತಮ್ಮ ಅಂಗಳದಲ್ಲಿಯೇ ನಡೆಸಿ ತೋರಿಸಬೇಕೆಂದು ವಿಜ್ಞಾಪಿಸುತ್ತೇನೆ.