ಮೂತ್ರಪಿಂಡ: ತಜ್ಞರ ಮಾತು ಔರಾದಿಗೂ ಬರಲಿ

ಔರಾದ, ಭಾಲ್ಕಿ ಕಡೆಯಿಂದ ಕಾಲು ಬಾತು ಬೀದರಿಗೆ ಬರುವ ಅನೇಕರಿಗೆ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುತ್ತದೆ. ಮೂತ್ರ ಪರೀಕ್ಷೆ ಮಾತ್ರ ಒಮ್ಮೆಯೂ ಆಗಿರುವುದಿಲ್ಲ. ಮೂತ್ರಪಿಂಡ ಪೂರ್ತಿ ಸೋತರೆ ವಾರಕ್ಕೆ ಎರಡು-ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ ಡಯಾಲಿಸಿಸ್. 2016ರ ರಾಷ್ಟ್ರೀಯ ಯೋಜನೆಯಡಿ ಬಡವರಿಗೆ ಅದು ಉಚಿತ. ಆದರೆ ತಪ್ಪಿದ ಕೂಲಿ, ಬಸ್ಸಿನ ಖರ್ಚು ಕೊಡುವವರಾರು?

1970ರಲ್ಲಿ ಆರಂಭವಾದ ಭಾರತೀಯ ನೆಫ್ರಾಲಜಿ ಸೊಸೈಟಿ ತಜ್ಞರ ಸಂಘ. ಸಮ್ಮೇಳನ, ವೈದ್ಯಕೀಯ ಪತ್ರಿಕೆ ನಡೆಸುತ್ತದೆ, ಒಳ್ಳೆಯದೇ. ಆದರೆ ರೋಗವನ್ನು ಮೊದಲು ಗುರುತಿಸಬೇಕಾದವರು ನನ್ನಂಥ ಸಾಮಾನ್ಯ ವೈದ್ಯರು. ತಾಲ್ಲೂಕಿನಲ್ಲೇ ನಮಗೆ ತರಬೇತಿ ಸಿಗಲಿ.

ಓದುಗರು ಅಲ್ಲಿಯವರೆಗೆ ಕಾಯಬೇಕಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ವರ್ಷಕ್ಕೊಮ್ಮೆಯಾದರೂ ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಿ. ವೈದ್ಯರನ್ನು ಕೇಳದೆ ನೋವಿನ ಗುಳಿಗೆ ನುಂಗಬೇಡಿ.