ಹೊಳೆ ದಾಟಿದ ಮೇಲೆ



ಬಲಾಢ್ಯ ರಾಷ್ಟ್ರವೊಂದು ಬಡ ರಾಷ್ಟ್ರಗಳ ಕೈ ಹಿಡಿದರೆ ಎಷ್ಟು ಕಾಲ ಹಿಡಿದೀತು? ಇದು ರಾಯಭಾರಿಗಳಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ನಮ್ಮ ಕಣದಲ್ಲಿ ಒಣಗುವ ಕಾಫಿಗೂ ಇದರ ಬಿಸಿ ತಟ್ಟಿದೆ.

1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಯಿತು. ಕಾಫಿ ಬೆಲೆ ಕುಸಿದರೆ ಲ್ಯಾಟಿನ್ ಅಮೆರಿಕದ ಉಳಿದ ದೇಶಗಳೂ ಅದೇ ದಾರಿ ಹಿಡಿದಾವೆಂಬ ಅಂಜಿಕೆ ಅಮೆರಿಕಕ್ಕೆ ಹುಟ್ಟಿತು. 1961ರಲ್ಲಿ ಅಧ್ಯಕ್ಷ ಕೆನಡಿಯವರು ಆ ದೇಶಗಳೊಡನೆ ‘ಪ್ರಗತಿಗಾಗಿ ಮೈತ್ರಿ’ಯನ್ನು ಸಾರಿದರು. ಮರುವರ್ಷವೇ ವಿಶ್ವಸಂಸ್ಥೆಯ ಆಶ್ರಯದಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದವಾಯಿತು. ಬೆಳೆಯುವ ದೇಶಗಳಿಗೆ ರಫ್ತಿನ ಕೋಟಾ ಗೊತ್ತಾಯಿತು. ಮಂಡಳಿಯಲ್ಲಿ ಬೆಳೆಯುವವರಿಗೆ 1,000 ಮತ, ಕೊಳ್ಳುವವರಿಗೆ 1,000 ಮತ. ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕೊಳ್ಳುತ್ತಿದ್ದ ಅಮೆರಿಕವು ಕೋಟಾ ಮೀರಿದ ಕಾಫಿಯನ್ನು ತನ್ನ ಬಂದರಿನಲ್ಲೇ ತಡೆಯಲು ಒಪ್ಪಿದ್ದರಿಂದ ಒಪ್ಪಂದಕ್ಕೆ ಬಲ ಬಂತು. ಭಾರತವೂ ಅದರ ಸದಸ್ಯ ರಾಷ್ಟ್ರವಾಗಿತ್ತು.

1980ರ ದಶಕದ ಬಹುಭಾಗ ಪೌಂಡಿಗೆ 120ರಿಂದ 140 ಸೆಂಟಿನೊಳಗೆ ಬೆಲೆ ನಿಲ್ಲಿಸುವ ಯತ್ನ ನಡೆಯಿತು. ಆಗ ನಮ್ಮ ತಂದೆಯವರು ಕಾಫಿಯನ್ನು ಮಂಡಳಿಯ ಪೂಲಿಗೆ ಹಾಕಿ ಕಂತಿಗಾಗಿ ಕಾಯುತ್ತಿದ್ದರು. ಕಂತು ತಡವೆಂದು ಗೊಣಗುತ್ತಿದ್ದರೇ ಹೊರತು, ಬೆಲೆ ಪಾತಾಳಕ್ಕೆ ಇಳಿದೀತೆಂದು ನಿದ್ದೆಗೆಟ್ಟವರಲ್ಲ.

1989ರ ಜುಲೈಯಲ್ಲಿ ಕೋಟಾ ಮುರಿದುಬಿತ್ತು. ತಪ್ಪೆಲ್ಲ ಅಮೆರಿಕದ್ದೇ ಎನ್ನುವುದು ನ್ಯಾಯವಲ್ಲ. ಬೆಳೆಯುವ ದೇಶಗಳು ಒಪ್ಪಂದದ ಹೊರಗಿನವರಿಗೆ ಅಗ್ಗವಾಗಿ ಮಾರುತ್ತಿದ್ದವು. ಮಧ್ಯ ಅಮೆರಿಕದವರು ಹೆಚ್ಚು ಪಾಲು ಕೇಳಿದರೆ ಬ್ರೆಜಿಲ್ ತನ್ನ ಪಾಲು ಬಿಡಲೊಲ್ಲದು. ಆದರೆ ಶೀತಲ ಸಮರವೂ ಅದೇ ಹೊತ್ತಿಗೆ ಮುಗಿಯುತ್ತಿತ್ತೆಂಬುದನ್ನು ಮರೆಯಲಾಗದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? 1993ರಲ್ಲಿ ಅಮೆರಿಕ ಕಾಫಿ ಸಂಸ್ಥೆಯನ್ನೇ ಬಿಟ್ಟಿತು. 2005ರಲ್ಲಿ ಮರಳಿ ಸೇರಿತು, 2018ರಲ್ಲಿ ಮತ್ತೆ ಹೊರನಡೆಯಿತು.

2001ರಲ್ಲಿ ಜಾಗತಿಕ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ಅಷ್ಟರಲ್ಲಿ ನಮ್ಮಲ್ಲಿ ಪೂಲ್ ಪದ್ಧತಿಯೂ ಮುಗಿದಿತ್ತು. ಆ ವರ್ಷ ಚೆರಿ ಮಾರಿದ ಹಣ ಕೊಯ್ಲಿನ ಕೂಲಿಗೂ ಸಾಲದೆ, ಶನಿವಾರದ ಬಟವಾಡೆಗೆ ನಾನು ಈ ಸಂಘದಿಂದಲೇ ಸಾಲ ಎತ್ತಿದೆ. ಅದನ್ನು ತೀರಿಸಲು ನಾಲ್ಕು ಫಸಲು ಹಿಡಿಯಿತು.

ಹಾಗಾದರೆ ದೊಡ್ಡವರ ಸ್ನೇಹವೇ ಬೇಡವೇ? ಬೇಕು. 2025ರ ಆಗಸ್ಟಿನಲ್ಲಿ ಅಮೆರಿಕವು ಬ್ರೆಜಿಲಿನ ಕಾಫಿಗೆ ಶೇ. 50ರ ಸುಂಕ ಹೇರಿತು. ತನ್ನ ಪೇಟೆಯಲ್ಲೇ ಕಾಫಿ ತುಟ್ಟಿಯಾದ ಮೇಲೆ ನವೆಂಬರಿನಲ್ಲಿ ಹೆಚ್ಚುವರಿ ಸುಂಕವನ್ನು ಕೈಬಿಟ್ಟಿತು. ಬೆಳೆಯುವವನಿಲ್ಲದೆ ಕುಡಿಯುವವನಿಗೂ ನಡೆಯದು. ಎರಡು ಕಡೆಯವರೂ ಕುಳಿತು ಮಾತಾಡುವ ಜಾಗ ಉಳಿಯಲೇಬೇಕು. ಆದರೆ ತನ್ನ ಗರಜಿಗೆ ಬಂದವನು ಗರಜು ತೀರಿದಾಗ ಹೋಗುತ್ತಾನೆಂಬ ಲೆಕ್ಕ ನಮಗಿರಬೇಕು. ಅವನಿದ್ದಾಗಲೇ ನಮ್ಮ ಒಗ್ಗಟ್ಟನ್ನು ಗಟ್ಟಿ ಮಾಡಿಕೊಳ್ಳಬೇಕು.

ಅಡಿಕೆಗೆ ಯಾವ ಬಲಾಢ್ಯ ರಾಷ್ಟ್ರವೂ ಕೈ ಚಾಚಲಿಲ್ಲ. ಬೆಲೆ ಕುಸಿದಿದ್ದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದರು. ಅದು ಇಂದಿಗೂ ನಮ್ಮ ಜೊತೆಗಿದೆ, ಏಕೆಂದರೆ ಅದರ ಗರಜು ನಮ್ಮದೇ.

2024-25ರಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದಾಗ, ವ್ಯಾಪಾರಿ ಗೇಟಿಗೇ ಬರುವಾಗ ಸಂಘವೇಕೆ ಎಂದು ನಮ್ಮವರೇ ಕೆಲವರು ಕೇಳಿದರು. ಅವರನ್ನು ದೂರುವುದಿಲ್ಲ. ಆದರೆ ಒಪ್ಪಂದದ ಬೆನ್ನು ಹಿಂದೆ ಅಗ್ಗವಾಗಿ ಮಾರಿದ ದೇಶಗಳ ಗತಿ ಮೇಲೆ ಹೇಳಿದ್ದೇನೆ. ಫಸಲಿನ ನಾಲ್ಕರಲ್ಲೊಂದು ಪಾಲನ್ನಾದರೂ, ಬೆಲೆ ಏರಲಿ ಇಳಿಯಲಿ, ಸಂಘದ ಮೂಲಕ ಮಾರೋಣ. ಬರುವ ಮಹಾಸಭೆಯಲ್ಲಿ ಈ ಮಾತನ್ನು ಚರ್ಚೆಗೆ ಇಡುತ್ತೇನೆ. ಎಲ್ಲರೂ ತಪ್ಪದೆ ಬನ್ನಿ.

– ಕಾರ್ಯದರ್ಶಿ